ಎರಡು ಹಸಿರು ದೀಪ

ದಸರೆಯ ಖಂಡೇಪೂಜೆಗೆ ಹಾರ್ಡ್ ಡಿಸ್ಕ್‌ಗೆ ಕುಂಕುಮ ಹಚ್ಚಿ, ಮುಂದೆ ನಿಂಬೆಹಣ್ಣಿಟ್ಟು, ಕಾಯಿ ಒಡೆಯುವುದು ನಮ್ಮ ಕಾಕಾನ ಬ್ಯಾಕಪ್ ಯೋಜನೆಯ ಮೊದಲ ಭಾಗ. ಎರಡನೇ ಭಾಗ ಇರಲಿಲ್ಲ.

ಕಾಕಾನದು ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಒಂದು ಫೋಟೊ ಸ್ಟುಡಿಯೊ. ಲಗ್ನದ ಸೀಸನ್ ಬಂತೆಂದರೆ ಮೈಮೇಲೆ ಖಬರ್ ಇರುವುದಿಲ್ಲ. ಸೀಸನ್ ಮುಗಿದರೆ ಪಾಸ್‌ಪೋರ್ಟ್ ಸೈಜ್ ಫೋಟೊ, ಲ್ಯಾಮಿನೇಶನ್, ಚಹಾ. ನಾನು ಕಂಪ್ಯೂಟರ್ ಓದಿದವನು ಅನ್ನುವ ಒಂದೇ ಕಾರಣಕ್ಕೆ ಅಲ್ಲಿನ ಪ್ರಿಂಟರ್, ಇನ್ವರ್ಟರ್, ಒಮ್ಮೆ ಕೂಲರಿನ ಪಂಪ್ ಕೂಡ ನನ್ನ ಖಾತೆಗೆ ಬಿದ್ದಿವೆ. ಹಾಗಾಗಿ ಡಿಸ್ಕ್ ಸತ್ತಾಗ ಫೋನು ನನಗೇ ಬಂತು. ಆದರೆ ಸ್ವಲ್ಪ ತಡವಾಗಿ ಬಂತು.

ನಮ್ಮ ಮೇ ತಿಂಗಳ ಬಿಸಿಲು ಗೊತ್ತಲ್ವಾ, 42-43 ಡಿಗ್ರಿ ಇದ್ದ ದಿನವೂ ಜನ "ಇವತ್ತ ಸ್ವಲ್ಪ ಝಳ ಅದ" ಅಂತ ಹೇಳಿ ಚಹಾ ಕುಡಿಯಲು ಹೊರಗೆ ಬರುತ್ತಾರೆ. ಅಂಥ ಒಂದು ಮಧ್ಯಾಹ್ನ ಡಿಸ್ಕ್ ಟಕ್ ಟಕ್ ಅನ್ನತೊಡಗಿತು. ಇದರೊಳಗೆ ನುಣುಪಾದ ತಟ್ಟೆಗಳು ನಿಮಿಷಕ್ಕೆ 7200 ಸುತ್ತು ತಿರುಗುತ್ತಿರುತ್ತವೆ, ಅವುಗಳ ಮೇಲೆ ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ಓದುವ ಹೆಡ್ ತೇಲುತ್ತಿರುತ್ತದೆ. ತಟ್ಟೆಗೆ ಅದು ತಾಗುವ ಹಾಗಿಲ್ಲ. ಟಕ್ ಟಕ್ ಅಂದರೆ ಆ ಹೆಡ್ ತನ್ನ ಜಾಗ ಸಿಗದೆ ಹೋಗಿ ಬಂದು, ಹೋಗಿ ಬಂದು ಒದ್ದಾಡುತ್ತಿದೆ ಅಂತ. ಆಗ ಮಾಡಬೇಕಾದದ್ದು ಒಂದೇ ಕೆಲಸ. ಕರೆಂಟ್ ತೆಗೆದು ಸುಮ್ನೆ ಕೂರಬೇಕು. ಕಾಕಾ ಸುಮ್ನೆ ಕೂರುವ ಜಾಯಮಾನದವರಲ್ಲ. ಫ್ರೀಜರ್‌ನಲ್ಲಿ ಒಂದು ರಾತ್ರಿ ಇಟ್ಟರೆ ಡಿಸ್ಕ್‌ಗೆ ಜೀವ ಬರುತ್ತದೆ ಅಂತ ಯಾರೋ ಹೇಳಿದ್ದರಂತೆ.

ಕಾಕು ಸಂಜೆ ಬಟಾಣಿ ತೆಗೆಯಲು ಹೋದರೆ ಹಾಲಿನ ಪಾಕೀಟಿನಲ್ಲಿ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿದ ಕರಿ ಡಬ್ಬಿ. "ಯಾರ ಲಗ್ನಾ ಫ್ರಿಜ್ಜಿನಾಗ ಇಟ್ಟೀರಿ?" ಅಂದರಂತೆ. ಸರಿಯಾಗಿಯೇ ಕೇಳಿದ್ದರು. ಒಳಗಿದ್ದದ್ದು ಸೇಡಂ ಕಡೆಯ ಒಂದು ದೊಡ್ಡ ಮನೆತನದ ಲಗ್ನ.

ಫ್ರೀಜರ್ ವಿದ್ಯೆ ಹಳೇ ಡಿಸ್ಕ್‌ಗಳ ಕಾಲದಲ್ಲಿ ಅಪರೂಪಕ್ಕೆ ನಡೆದಿರಬಹುದು. ಈಗಿನ ಡಿಸ್ಕ್‌ಗೆ ಅದು ವಿಷ. ಹೊರಗೆ ತೆಗೆದ ಕೂಡಲೇ ತಣ್ಣಗಿನ ತಟ್ಟೆಯ ಮೇಲೆ ನೀರಿನ ಪಸೆ ಕೂರುತ್ತದೆ, ಆಮೇಲೆ ಕರೆಂಟ್ ಕೊಟ್ಟರೆ ಹೆಡ್ ಹೋಗಿ ಅದಕ್ಕೇ ಬಡಿಯುತ್ತದೆ. ಸತ್ತ ಡಿಸ್ಕಿನಿಂದ ಫೈಲು ತೆಗೆದುಕೊಡುವ ಹೈದರಾಬಾದಿನ ರಿಕವರಿಯವರು ತೆರೆದು ನೋಡಿ ಒಂದು ರೇಟು ಹೇಳಿದರು. ಕಾಕಾ ಫೋನನ್ನು ಕಿವಿಯಿಂದ ತೆಗೆದು ನನ್ನ ಕಡೆ ನೋಡಿದರು. "ಇಷ್ಟು ರೊಕ್ಕದಾಗ ಅವರದು ಇನ್ನೊಮ್ಮೆ ಲಗ್ನಾ ಮಾಡಿಸಿ, ಮತ್ತ ಫೋಟೊ ಹೊಡಿತೀನಿ. ಊಟಾನೂ ಹಾಕ್ತೀನಿ."

ಇಷ್ಟಾದ ಮೇಲೆ ಬಂದದ್ದು ಡಬ್ಬಿ. ಕಂಪ್ಯೂಟರ್ ಅಂಗಡಿಯವನು ಎರಡು ಡಿಸ್ಕ್ ಕೂರುವ ಒಂದು ನ್ಯಾಸ್ ಡಬ್ಬಿ, ಅಂದರೆ ನೆಟ್‌ವರ್ಕಿಗೆ ಹಚ್ಚಿ ಫೈಲು ಇಡುವ ಡಬ್ಬಿ, ತಂದು ಟೇಬಲ್ ಮೇಲಿಟ್ಟ. ಒಂದರಲ್ಲಿ ಬರೆದದ್ದು ಅದೇ ಹೊತ್ತಿಗೆ ಇನ್ನೊಂದರಲ್ಲೂ ಬರೆಯುತ್ತದೆ, ಒಂದು ಸತ್ತರೆ ಇನ್ನೊಂದು ಇದ್ದೇ ಇದೆ, ಇದಕ್ಕೆ ರೇಡ್ ಒನ್ ಅಂತಾರೆ ಅಂದ. ಈ ರೇಡ್ ವಿಚಾರ ಹೊಸದೇನಲ್ಲ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಒಂದು ಪ್ರಬಂಧ ಬರೆದರು. ದುಬಾರಿಯ ಒಂದೇ ದೊಡ್ಡ ಡಿಸ್ಕ್ ಯಾಕೆ, ಅಗ್ಗದ ಸಣ್ಣ ಡಿಸ್ಕ್‌ಗಳನ್ನೇ ಜೋಡಿಸೋಣ, ಕೆಡುತ್ತವೆ ನಿಜ, ಕೆಡಲಿ, ಕೆಟ್ಟರೂ ಕೆಲಸ ನಿಲ್ಲದ ಹಾಗೆ ಜೋಡಿಸೋಣ ಅನ್ನುವುದು ಅವರ ವಾದ. ಕಾಕಾಗೆ ಇದು ತುಂಬ ಹಿಡಿಸಿತು. "ಅಗ್ಗದ್ದು" ಅನ್ನುವವರೆಗೆ ಮಾತ್ರ ಕೇಳಿಸಿಕೊಂಡಿದ್ದರು ಅಂತ ಆಮೇಲೆ ಗೊತ್ತಾಯಿತು.

ಅಂಗಡಿಯವನು ನಾಲ್ಕು ಡಿಸ್ಕಿನ ಡಬ್ಬಿಯನ್ನೂ ತೋರಿಸಿದ್ದ. ಅದು ರೇಡ್ ಫೈವ್. ಅದರಲ್ಲಿ ಪೂರ್ತಿ ನಕಲು ಇರುವುದಿಲ್ಲ, ಪ್ಯಾರಿಟಿ ಅಂತ ಒಂದು ಲೆಕ್ಕ ಇರುತ್ತದೆ, ಅದನ್ನೂ ನಾಲ್ಕೂ ಡಿಸ್ಕ್‌ಗಳಲ್ಲಿ ಹಂಚಿಟ್ಟಿರುತ್ತದೆ. ಕಿರಾಣಿ ಚೀಟಿಯಲ್ಲಿ ತೊಗರಿಬೇಳೆಯ ರೇಟಿನ ಮೇಲೆ ಎಣ್ಣೆ ಬಿದ್ದು ಅಳಿಸಿಹೋದರೂ ಕೆಳಗಿನ ಒಟ್ಟು ಮೊತ್ತ ಇದ್ದರೆ ಕಳೆದು ನೋಡಿ ಹೇಳಬಹುದಲ್ಲ, ಅದೇ ಲೆಕ್ಕ. ಎರಡು ಅಂಕಿ ಅಳಿಸಿದರೆ ಮುಗಿಯಿತು. "ಎರಡು ಡಿಸ್ಕ್ ಹೋದ್ರ?" ಅಂತ ಕಾಕಾ ಕೇಳಿದರು. ಹಾಗಾದರೆ ರೇಡ್ ಸಿಕ್ಸ್ ತೊಗೊಳ್ರಿ, ಅದು ಎರಡು ಹೋದರೂ ತಡೀತದ ಅಂದ ಅಂಗಡಿಯವನು. "ಮೂರು ಹೋದ್ರ?" ಅಂದರು ಕಾಕಾ. ಅವನು ಎರಡು ಡಿಸ್ಕಿನ ಡಬ್ಬಿಗೇ ಬಿಲ್ ಹರಿದ.

ಎರಡೂ ಡಿಸ್ಕ್ ಒಂದೇ ಕಂಪನಿಯವು, ಒಂದೇ ದಿನ ಒಂದೇ ಪೆಟ್ಟಿಗೆಯಿಂದ ತೆಗೆದವು. ಬೇರೆ ಬೇರೆ ಲಾಟಿನವು ಹಾಕಿಸಿ, ಒಟ್ಟಿಗೆ ಹುಟ್ಟಿದವು ಹೆಚ್ಚುಕಮ್ಮಿ ಒಟ್ಟಿಗೇ ಹೋಗುವ ಸಾಧ್ಯತೆ ಜಾಸ್ತಿ ಅಂದೆ. ಜೋಡಿ ಅಂದ್ರ ಜೋಡಿ ಹಂಗ ಇರಬೇಕು ಅಂದರು ಕಾಕಾ. ಮದುವೆ ಫೋಟೊ ತೆಗೆಯುವವರ ಮುಂದೆ ಈ ವಿಷಯದಲ್ಲಿ ವಾದ ಮಾಡಿ ಪ್ರಯೋಜನವಿಲ್ಲ.

ಡಬ್ಬಿಯ ಮುಂದೆ ಎರಡು ಹಸಿರು ದೀಪ. ಬಂದ ಗಿರಾಕಿಗಳಿಗೆಲ್ಲ ಕಾಕಾ ಅದನ್ನು ತೋರಿಸುತ್ತಿದ್ದರು. ಒಂದು ಹೋದ್ರ ಇನ್ನೊಂದು ಅದ, ಚಿಂತಿ ಬ್ಯಾಡ್ರಿ ಅಂತ. ಹಳೇ ಪೋರ್ಟಬಲ್ ಡಿಸ್ಕ್‌ಗಳನ್ನೆಲ್ಲ ಅಳಿಸಿ ಮಾರಿಬಿಟ್ಟರು. ಡಬ್ಬಿ ಇದೆಯಲ್ಲ!

ಒಂದು ದಿನ ಚಹಾಕ್ಕೆ ಹೋದವನು ಡಬ್ಬಿಯ ಮೇಲೆ ಕರಿ ಟೇಪು ಅಂಟಿಸಿದ್ದನ್ನು ನೋಡಿದೆ. ಎಲೆಕ್ಟ್ರಿಷಿಯನ್‌ಗಳು ವೈರಿಗೆ ಸುತ್ತುವ ಟೇಪು. ಅಂಚು ಸರಿಯಾಗಿ ಕತ್ತರಿಸಿ, ಬೆರಳಿನಿಂದ ಒತ್ತಿ, ಬಲು ಶ್ರದ್ಧೆಯಿಂದ ಅಂಟಿಸಿದ್ದರು. ಏನಿದು ಅಂದರೆ, ಕೆಲಸದ ಹುಡುಗ ಹೇಳಿದ: "ಸರ್, ಕೆಂಪ್ ಲೈಟ್ ಮಿಣಮಿಣ ಅಂತಿತ್ತು, ಕತ್ತಲಾಗ ಎಡಿಟಿಂಗ್ ಮಾಡುವಾಗ ಕಣ್ಣಿಗೆ ಹೊಡಿತಿತ್ತು." ಸದ್ದು? "ಬೀಪ್ ಬೀಪ್ ಅಂತಿತ್ರೀ, ಹಿಂದ ಒಂದು ಬಟನ್ ಅದ, ಬಂದ್ ಮಾಡೀನಿ." ಯಾವಾಗ? ದೀಪಾವಳಿ ಮುಂಚೆ. ಅವನು ಇದನ್ನು ಹೇಳುವಾಗ ನಾವು ಸಂಕ್ರಾಂತಿಯ ಕುಸುರೆಳ್ಳು ತಿನ್ನುತ್ತ ಕೂತಿದ್ದೆವು.

ಕೆಟ್ಟರೂ ನಡೆಯುವ ವ್ಯವಸ್ಥೆಯ ಕಿರಿಕಿರಿ ಇದೇ ನೋಡಿ. ಕೆಟ್ಟದ್ದು ಗೊತ್ತೇ ಆಗುವುದಿಲ್ಲ. ಒಂದೇ ಡಿಸ್ಕ್ ಇದ್ದಾಗ ಸತ್ತರೆ ಅಂಗಡಿ ನಿಲ್ಲುತ್ತದೆ, ಕೂಗಾಡುತ್ತೀರಿ, ಯಾರನ್ನಾದರೂ ಕರೆಯುತ್ತೀರಿ. ಇಲ್ಲಿ ಒಂದು ಸತ್ತರೂ ಫೈಲು ತೆರೆಯುತ್ತದೆ, ಆಲ್ಬಮ್ ಆಗುತ್ತದೆ, ಗಿರಾಕಿ ದುಡ್ಡು ಕೊಡುತ್ತಾರೆ. ಹೇಳುವುದು ಒಂದು ದೀಪ, ಒಂದು ಬೀಪ್. ಒಂದಕ್ಕೆ ಟೇಪು, ಇನ್ನೊಂದಕ್ಕೆ ಬಟನ್. ಹೊಸ ಡಿಸ್ಕ್ ತಂದು ಹಾಕಿ ರೀಬಿಲ್ಡ್‌ಗೆ, ಅಂದರೆ ಉಳಿದದ್ದರಿಂದ ಹೊಸದಕ್ಕೆ ನಕಲು ಇಳಿಸಲು, ಬಿಟ್ಟೆವು. ಉಳಿದಿದ್ದ ಹಳೇ ಡಿಸ್ಕನ್ನು ಅದು ಮೊದಲಿಂದ ಕೊನೆಯವರೆಗೆ ಓದಬೇಕು. ಸುಸ್ತಾದ ಆ ಅವಳಿ ಡಿಸ್ಕಿಗೆ ಅಂಥ ಹೊತ್ತಲ್ಲೇ ಎಲ್ಲಕ್ಕಿಂತ ಜಾಸ್ತಿ ಕೆಲಸ. ರಾತ್ರಿ ಕರೆಂಟ್ ಬೇರೆ ಹೋಗಿ ಬಂದು ಮಾಡಿತು. ಕಾಕಾ ಇನ್ವರ್ಟರ್ ಪಕ್ಕದಲ್ಲೇ ಚಾಪೆ ಹಾಸಿ ಮಲಗಿದರು. ಶರಣಬಸಪ್ಪ ಕಾಪಾಡಿದ, ಬೆಳಿಗ್ಗೆ ಎರಡೂ ಹಸಿರು.

ಅದಾದ ಮೇಲೆ ಬಂತು ನೋಡಿ ಅಸಲಿ ಗಂಡಾಂತರ. ಡಿಸ್ಕ್‌ಗೆ ಏನೂ ಆಗಿರಲಿಲ್ಲ.

ಸ್ಟುಡಿಯೊದಲ್ಲಿ ಒಂದು ಲಗ್ನದ ಫೋಲ್ಡರುಗಳ ಹೆಸರು ಹೀಗಿರುತ್ತವೆ: ಫೈನಲ್, ಫೈನಲ್ ಹೊಸಾದು, ಖರೇ ಫೈನಲ್, ಖರೇ ಫೈನಲ್ ಅವ್ವಾರು ನೋಡಿದ್ದು. ಜಾಗ ಸಾಲುತ್ತಿಲ್ಲ ಅಂತ ಹುಡುಗ "ಫೈನಲ್" ಅನ್ನುವುದನ್ನು ಅಳಿಸಿದ. ಹಳೇದಿರಬೇಕು ಅಂದುಕೊಂಡ. ಕಾಕಾ ಕ್ಯಾಮೆರಾದ ಒರಿಜಿನಲ್‌ಗಳನ್ನೆಲ್ಲ ಹಾಕುತ್ತಿದ್ದದ್ದು ಅದರಲ್ಲೇ. ನೆಟ್‌ವರ್ಕ್ ಡಬ್ಬಿಯಿಂದ ಅಳಿಸಿದ್ದು ಕಂಪ್ಯೂಟರಿನ ರಿಸೈಕಲ್ ಬಿನ್‌ಗೂ ಬರುವುದಿಲ್ಲ, ಡಬ್ಬಿಯಲ್ಲೇ ಅದಕ್ಕೆ ಬೇರೆ ಸೆಟ್ಟಿಂಗ್ ಹಾಕಿರಬೇಕು. ಹಾಕಿರಲಿಲ್ಲ.

ಕಾಕಾ ಗಾಬರಿಯಾಗಲೇ ಇಲ್ಲ. "ಎರಡವ ಅಲ್ಲೋ ತಮ್ಮಾ. ಒಂದರಾಗಿಂದ ಅಳಿಸ್ಯಾನ. ಇನ್ನೊಂದರಾಗಿಂದ ತೆಗಿ."

ನಾನು ಹೇಗೆ ಹೇಳಲಿ? ಅದು ಅಷ್ಟು ಪ್ರಾಮಾಣಿಕವಾದ ಡಬ್ಬಿ. ಒಂದರಲ್ಲಿ ಬರೆದರೆ ಇನ್ನೊಂದರಲ್ಲೂ ಬರೆಯುತ್ತದೆ, ಒಂದರಲ್ಲಿ ಅಳಿಸಿದರೆ ಇನ್ನೊಂದರಲ್ಲೂ ಅಳಿಸುತ್ತದೆ, ವೈರಸ್ ಬಂದು ಫೈಲುಗಳಿಗೆ ಬೀಗ ಜಡಿದರೆ ಆ ಬೀಗವನ್ನೂ ಎರಡೂ ಕಡೆ ಅಚ್ಚುಕಟ್ಟಾಗಿ ಜಡಿಯುತ್ತದೆ. ಡಿಸ್ಕ್ ಕೆಟ್ಟರೆ ಅಂಗಡಿ ನಿಲ್ಲಬಾರದು ಅನ್ನುವುದಷ್ಟೇ ಅದರ ನೌಕರಿ. ನಿನ್ನೆ ಏನಿತ್ತು ಅಂತ ಕೇಳಿದರೆ ಅದಕ್ಕೆ ನಿನ್ನೆಯೇ ಗೊತ್ತಿಲ್ಲ. ನಿನ್ನೆಯದು ಬೇಕಾದರೆ ನಿನ್ನೆ ಬೇರೆ ಕಡೆ ತೆಗೆದಿಟ್ಟಿರಬೇಕು, ಬ್ಯಾಕಪ್ ಅಂದರೆ ಅದು.

ಫೋಟೊಗಳು ಸಿಕ್ಕವು. ಸಿಕ್ಕದ್ದು ಸೊಲ್ಲಾಪುರದ ಆಲ್ಬಮ್ ಪ್ರಿಂಟ್ ಲ್ಯಾಬಿನ ಮನುಷ್ಯನ ಸೋಮಾರಿತನದಿಂದ. ಬಂದ ಫೈಲುಗಳನ್ನು ಪ್ರಿಂಟ್ ಆದ ಮೇಲೆ ಅಳಿಸಬೇಕಿತ್ತಂತೆ, ನಾಳೆ ನಾಳೆ ಅಂತ ಬಿಟ್ಟಿದ್ದನಂತೆ. ಅವನಿಗೆ ಕಾಕಾ ಒಂದು ಡಬ್ಬಿ ಮಾಲ್ದಿ ಕಳಿಸಿದರು. ವಿಡಿಯೋ ಮಾತ್ರ ಹೋಯಿತು. ಸುರಗಿ ಸುತ್ತಿದ ವಿಡಿಯೋ ಈಗ ಇರುವುದು ಮದುಮಗಳ ಸೋದರಮಾವನ ಮೊಬೈಲಿನಲ್ಲಿ ತೆಗೆದದ್ದು ಒಂದೇ. ಅದು ಉದ್ದುದ್ದ ಇದೆ, ಅರ್ಧ ಅವರ ಹೆಬ್ಬೆಟ್ಟೇ ಇದೆ, ಮಧ್ಯೆ ಯಾರದೋ ಜೊತೆ ಪ್ಲಾಟಿನ ರೇಟು ಮಾತಾಡಿದ್ದು ಸ್ಪಷ್ಟವಾಗಿ ಕೇಳುತ್ತದೆ. ಕಾಕಾ ಅದಕ್ಕೆ ಶಹನಾಯಿ ಹಾಕಿ ಕೊಟ್ಟರು.

ಇದು ನಮ್ಮ ಗಲ್ಲಿಗಷ್ಟೇ ಆಗುವಂಥದ್ದು ಅಂತ ನಗಬೇಡಿ. 2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಅನ್ನುವ ದೊಡ್ಡ ಸಾಫ್ಟ್‌ವೇರ್ ಕಂಪನಿಯಲ್ಲಿ ಒಬ್ಬ ಇಂಜಿನಿಯರ್ ತಪ್ಪು ಸರ್ವರಿನಲ್ಲಿ ಡಿಲೀಟ್ ಆಜ್ಞೆ ಕೊಟ್ಟ. ಕ್ಷಣದಲ್ಲೇ ಎಚ್ಚೆತ್ತು ನಿಲ್ಲಿಸಿದ, ಅಷ್ಟರೊಳಗೆ ಸುಮಾರು 300 ಜಿಬಿ ಇದ್ದದ್ದು ನಾಲ್ಕೂವರೆ ಜಿಬಿ ಆಗಿತ್ತು. ಐದು ಬಗೆಯ ವ್ಯವಸ್ಥೆ ಇತ್ತು, ಒಂದೂ ನೆಟ್ಟಗೆ ಕೆಲಸಕ್ಕೆ ಬರಲಿಲ್ಲ. ದಿನಾ ಆಗಬೇಕಿದ್ದ ಬ್ಯಾಕಪ್ ಆಗುತ್ತಲೇ ಇರಲಿಲ್ಲ, ಆಗುತ್ತಿಲ್ಲ ಅಂತ ಹೇಳುವ ಈಮೇಲುಗಳು ತಲುಪದೆ ವಾಪಸಾಗುತ್ತಿದ್ದವು. ಕರಿ ಟೇಪು ಅಲ್ಲೂ ಇತ್ತು ಅಂತಾಯಿತು. ಯಾವುದೋ ಬೇರೆ ಕೆಲಸಕ್ಕೆ ಆರು ಗಂಟೆ ಮುಂಚೆ ಒಬ್ಬ ಕೈಯಾರೆ ತೆಗೆದಿಟ್ಟಿದ್ದ ಒಂದು ಪ್ರತಿ ಅವರನ್ನು ಉಳಿಸಿತು. ಅವರದೂ ಒಬ್ಬ ಸೊಲ್ಲಾಪುರದವನಿದ್ದ.

ಕಾಕಾಗೆ ಕೊನೆಗೆ ಮೂರು-ಎರಡು-ಒಂದು ಸೂತ್ರ ಹೇಳಿದೆ. ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಬೇರೆ ಜಾಗದಲ್ಲಿ, ಬೇರೆ ಊರಾದರೆ ಇನ್ನೂ ಒಳ್ಳೇದು. ಇದನ್ನು ಜನಪ್ರಿಯ ಮಾಡಿದ ಪೀಟರ್ ಕ್ರೋ ಕೂಡ ಫೋಟೊಗ್ರಾಫರ್ರೇ ಅಂದಾಗ ಕಾಕಾ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ನಮ್ಮವನೇ ಅನ್ನು." ಆದರೂ ಬೇರೆ ಊರು ಯಾಕೆ ಅನ್ನುವುದು ತಲೆಗೆ ಹತ್ತಲಿಲ್ಲ. ನಮ್ಮ ಜಿಲ್ಲೆಯ ಸನ್ನತಿ ನೆನಪಿಸಿದೆ. ಚಂದ್ರಲಾಂಬೆಯ ಗುಡಿಗೆ ಎಷ್ಟೋ ಸಲ ಫೋಟೊ ತೆಗೆಯಲು ಹೋದವರು. ಅಲ್ಲಿನ ಕಾಳಿ ಗುಡಿಯ ಮಾಳಿಗೆ 1980ರ ದಶಕದಲ್ಲಿ ಕುಸಿದು, ಮೂರ್ತಿಯ ಪೀಠವಾಗಿದ್ದ ಬಂಡೆ ಅಶೋಕನ ಶಾಸನ ಅಂತ ಗೊತ್ತಾಯಿತಲ್ಲ. ಮೂರ್ತಿ ಕೂರಿಸಲು ಯಾರೋ ನಟ್ಟನಡುವೆ ತೂತು ಹೊಡೆದಿದ್ದರು, ಅಕ್ಷರಗಳು ಹೋಗಿದ್ದವು. ಆದರೂ ಓದಲು ಬಂತು. ಯಾಕೆಂದರೆ ಅದರಲ್ಲಿನ ಹೆಚ್ಚಿನ ಮಾತುಗಳನ್ನು ಅಶೋಕ ಒಡಿಶಾದ ಧೌಲಿಯಲ್ಲೂ ಜೌಗಡದಲ್ಲೂ ಕೆತ್ತಿಸಿದ್ದ.

ಕಾಕಾ ಸ್ವಲ್ಪ ಹೊತ್ತು ಯೋಚಿಸಿದರು. "ಅವನಿಗೆ ಡಬ್ಬಿ ಮಾರೋರು ಯಾರೂ ಸಿಕ್ಕಿರಲಿಲ್ಲ ಬಿಡು."

ಹೀಗೆ ನಮ್ಮ ಮೂರನೇ ಪ್ರತಿ ಬೀದರಿಗೆ ಹೋಯಿತು. ಬೀದರಿನಲ್ಲಿ ಕಾಕಾನ ಅಕ್ಕ, ಅಂದರೆ ನಮ್ಮ ಅತ್ತಿ ಇದ್ದಾರೆ. ಹೊಸ ಪೋರ್ಟಬಲ್ ಡಿಸ್ಕನ್ನು ಟವೆಲಿನಲ್ಲಿ ಸುತ್ತಿ, ಶೇಂಗಾ ಹೋಳಿಗೆ ಡಬ್ಬಿಯ ಕೆಳಗಿಟ್ಟು, ಬಸ್ಸಿನಲ್ಲಿ ಹೊರಟ ಪರಿಚಯದವರ ಕೈಲಿ ಕಳಿಸಿದರು. ಅತ್ತಿ ಅದನ್ನು ತಿಜೋರಿಯಲ್ಲಿ ಬಂಗಾರದ ಪಕ್ಕ ಇಟ್ಟು ಬೀಗ ಹಾಕಿದರು. ಕಾಕಾ ನಿಶ್ಚಿಂತೆಯಾದರು. ನನಗೆ ಸಮಾಧಾನ ಇರಲಿಲ್ಲ. ವಾಪಸ್ ತೆಗೆದು ನೋಡದ ಬ್ಯಾಕಪ್ ಇದ್ದರೆಷ್ಟು ಬಿಟ್ಟರೆಷ್ಟು? ಅತ್ತಿಗೆ ಫೋನ್ ಮಾಡಿದೆ. ಒಂದು ಸಲ ಲ್ಯಾಪ್‌ಟಾಪಿಗೆ ಹಚ್ಚಿ, ಫೈಲು ತೆರೀತಾವೋ ಇಲ್ಲೋ ನೋಡ್ರಿ ಅತ್ತಿ ಅಂದೆ. ತಿಜೋರಿ ತೆರೆದ ಸದ್ದು, ಟವೆಲ್ ಬಿಚ್ಚಿದ ಸದ್ದು, ಆಮೇಲೆ ಬಹಳ ಹೊತ್ತು ಏನೂ ಇಲ್ಲ.

"ಏನಾತ್ರಿ ಅತ್ತಿ?"

"ಏನಿಲ್ಲೋ. ಇದಕ್ಕ ಅಗಲದ್ದೊಂದು ವೈರ್ ಬರ್ತದಲ್ಲ, ಅದು ಕಳಿಸಿಲ್ಲ ನಿಮ್ಮ ಕಾಕಾ."

ಹಳೇ ಮೊಬೈಲ್ ಚಾರ್ಜರಿನ ಸಣ್ಣ ಪಿನ್ನಿನ ವೈರ್ ಅದರ ಅರ್ಧ ಭಾಗಕ್ಕೆ ಕೂರುತ್ತದೆ, ನಿಧಾನ ಆದರೂ ನಡೆಯುತ್ತದೆ, ಹುಡುಕ್ರಿ ಅಂದೆ. ಅದನ್ನ ಹೋದ ವಾರ ಭಾಂಡೆ ಸಾಮಾನಿನವನಿಗೆ ಹಾಕಿ ಸ್ಟೀಲ್ ಬುಟ್ಟಿ ತೊಗೊಂಡೆ ಅಂದರು. ವೈರು ಸ್ಟುಡಿಯೊದ ಡ್ರಾಯರಿನಲ್ಲಿದೆ ಅಂತ ಹುಡುಗ ಹೇಳುತ್ತಿದ್ದಾನೆ. ಭಾನುವಾರ ಬೀದರಿಗೆ ಹೋಗುವವರು ಯಾರಾದರೂ ಇದ್ದರೆ ತಿಳಿಸಿ.