ಹಾರ್ನ್ ಬಾಯಿ ಮುಚ್ಚಿಸಿದ ಜಾಕೆಟ್

ಹುಬ್ಬಳ್ಳಿಯಲ್ಲಿ ಎಂಥಾ ಚಳಿ ಅನ್ನುವವರು ಡಿಸೆಂಬರ್‌ನಲ್ಲಿ ಒಮ್ಮೆ ನಸುಕಿನಲ್ಲೇ ಬೈಕ್ ಹತ್ತಿ, ಉಣಕಲ್ ಕೆರೆ ದಾಟಿ ಧಾರವಾಡಕ್ಕೆ ಹೋಗಬೇಕು. ಸುಮಾರು 20 ಕಿಲೋಮೀಟರ್ ಅಷ್ಟೇ. ಸತ್ತೂರು ಬರುವಷ್ಟರಲ್ಲಿ ಹಲ್ಲು ಕಟಕಟ ಶುರು. ನವಲೂರಿನಲ್ಲಿ ಕ್ಲಚ್ ಹಿಡಿದ ಬೆರಳು ನಮ್ಮದೋ ಬೇರೆಯವರದೋ ಅಂತ ಅನುಮಾನ ಬರುತ್ತದೆ.

ಕೆನಡಾದಲ್ಲಿರುವ ನನ್ನ ಷಡ್ಡಕ ರಜೆಗೆ ಬಂದವರು ತಮ್ಮ ಹಳೆಯ ಕರೆಂಟ್ ಜಾಕೆಟ್ ಬಿಟ್ಟು ಹೋದರು. ಒಳಗೆಲ್ಲ ಸಣ್ಣ ತಂತಿ. ಸೊಂಟದ ಹತ್ತಿರ ಒಂದು ವೈರ್ ಹೊರಗೆ ಇಳಿದಿದೆ. ಅದನ್ನು ಗಾಡಿಯ 12 ವೋಲ್ಟ್ ಬ್ಯಾಟರಿಗೆ ಜೋಡಿಸಿದರೆ ಎದೆ, ಬೆನ್ನು, ತೋಳು ಎಲ್ಲಾ ಬೆಚ್ಚಗೆ. ಲೇಬಲ್ ಮೇಲೆ 90 ವ್ಯಾಟ್ ಅಂತ ಇತ್ತು. ಹೆಂಡತಿ ಅದನ್ನು ಓದಿ, "ಇಸ್ತ್ರಿ ಪೆಟ್ಟಿಗಿ ಮೈಮ್ಯಾಲೆ ಹಾಕ್ಕೊಂಡು ಹೋಗ್ತೀರೇನ್ರಿ?" ಅಂದಳು.

ನಮ್ಮ ಗಾಡಿಯ ವೈರಿಂಗ್ ಕೆಲಸವೆಲ್ಲ ಒಬ್ಬನೇ ಎಲೆಕ್ಟ್ರಿಷಿಯನ್ ಮಾಡುವುದು. ಹೋದ ವರ್ಷ ಜೋಡಿ ಹಾರ್ನ್ ಕೂಡಿಸಿದವನೂ ಅವನೇ. ಜಾಕೆಟ್ಟನ್ನು ತಿರುಗಿಸಿ ಮುರುಗಿಸಿ ನೋಡಿದ. "ಹಾರ್ನ್ ವೈರಿಗೆ ಕೊಟ್ಟೇನ್ರಿ ಸಾಹೇಬ್ರ. ಕೀ ಆನ್ ಮಾಡಿದ್ರ ಜಾಕೆಟ್ ಆನ್, ಆಫ್ ಮಾಡಿದ್ರ ಆಫ್. ಬ್ಯಾಟರಿ ಇಳಿಯೂ ಚಿಂತೀನ ಇಲ್ಲ" ಅಂದ. ಮಾತು ಕೇಳಲು ಚೆನ್ನಾಗಿಯೇ ಇತ್ತು, ಅಲ್ವಾ?

ಮರುದಿನ ವಿದ್ಯಾನಗರ, ಭೈರಿದೇವರಕೊಪ್ಪ, ನವನಗರ, ಎಲ್ಲಾ ಸುಖವಾಗಿ ದಾಟಿತು. ಬೆನ್ನು ಬೆಚ್ಚಗಾಗಿ ನಿದ್ದೆ ಬರುವ ಹಾಗಿತ್ತು. ಧಾರವಾಡದ ಟೋಲ್ ನಾಕಾದಲ್ಲಿ ಎದುರಿಗೆ ಒಂದು ಆಟೋ ಗಕ್ಕನೆ ನಿಂತಿತು. ಬ್ರೇಕ್ ತುಳಿದೆ, ಇಂಡಿಕೇಟರ್ ಹಾಕಿದೆ, ಹಾರ್ನ್ ಒತ್ತಿದೆ. ಪೀಂ ಅಂದಿತು, ಅಷ್ಟಕ್ಕೇ ನಿಂತಿತು. ಇಂಡಿಕೇಟರ್ ಇಲ್ಲ, ಬ್ರೇಕ್ ಲೈಟ್ ಇಲ್ಲ, ಬೆನ್ನಿನ ಬಿಸಿಯೂ ಇಲ್ಲ. ಇಂಜಿನ್ ಮಾತ್ರ ತನಗೇನೂ ಸಂಬಂಧ ಇಲ್ಲ ಅನ್ನುವಂತೆ ಓಡುತ್ತಿತ್ತು. ಅದರ ಫ್ಯೂಸ್ ಬೇರೆ.

ಲೆಕ್ಕ ಸುಲಭ. 90 ವ್ಯಾಟನ್ನು 12ರಿಂದ ಭಾಗಿಸಿದರೆ 7.5 ಆಂಪ್. ಜೋಡಿ ಹಾರ್ನ್‌ಗೆ ಇನ್ನೊಂದು ಆರೇಳು. ಬ್ರೇಕ್ ಲೈಟು, ಇಂಡಿಕೇಟರು ಸೇರಿ ಮೂರು. ಇಷ್ಟೂ ಮಂದಿಗೆ ಇದ್ದದ್ದು 10 ಆಂಪಿನ ಒಂದೇ ಫ್ಯೂಸ್. ಪಾಪ, ಅದು ಸಾಯದೆ ಏನು ಮಾಡುತ್ತದೆ?

ಸಂಜೆ ಹುಬ್ಬಳ್ಳಿಗೆ ಹಾರ್ನ್ ಇಲ್ಲದೆಯೇ ವಾಪಸ್ ಬಂದೆ. ನಮ್ಮೂರಲ್ಲಿ ಬ್ರೇಕ್ ಇಲ್ಲದೆ ಬೇಕಾದರೂ ಗಾಡಿ ಓಡಿಸಬಹುದು, ಹಾರ್ನ್ ಇಲ್ಲದೆ ಆಗುವುದಿಲ್ಲ. ದುರ್ಗದಬೈಲ್ ಹತ್ತಿರ ಬಾಯಿಂದಲೇ "ಬಾಜೂಕ ಸರೀರಿ, ಸರೀರಿ" ಅಂತ ಕೂಗುತ್ತಾ ಬಂದೆ. ಒಬ್ಬ ಅಜ್ಜ ನಿಂತು, "ಏನ್ ಮಾರಾಕತ್ತಿಯೋ ತಮ್ಮಾ?" ಅಂತ ಕೇಳಿದ.

ಎಲೆಕ್ಟ್ರಿಷಿಯನ್‌ಗೆ ಒಂದಿಷ್ಟೂ ಬೇಜಾರಿಲ್ಲ. "20ರ ಫ್ಯೂಸ್ ಹಾಕಿ ಬಿಡೋಣಲ್ರಿ?" ಅಂದ. ಗಾಡಿಗಳಿಗೆ ಬೆಂಕಿ ಹತ್ತುವುದೇ ಇಂಥ ಧೈರ್ಯದಿಂದ. ಫ್ಯೂಸ್ ಇರುವುದು ವೈರ್ ಕಾಯಲು. ಫ್ಯೂಸ್ ದಪ್ಪ ಮಾಡಿ ವೈರ್ ಸಣ್ಣದೇ ಬಿಟ್ಟರೆ ಮೊದಲು ಸುಡುವುದು ವೈರ್, ಅದೂ ಸೀಟಿನ ಕೆಳಗೆ, ಪೆಟ್ರೋಲ್ ಟ್ಯಾಂಕಿನ ಪಕ್ಕ. ಬೇಡವೇ ಬೇಡ ಅಂದೆ. ಕೊನೆಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರ್ ಎಳೆಸಿದೆ. ಅದಕ್ಕೇ ಅಂತ ಬ್ಯಾಟರಿ ಹತ್ತಿರ ಒಂದು 10ರ ಫ್ಯೂಸ್, ನಡುವೆ ಒಂದು ರಿಲೇ, ಅಂದರೆ ಸಣ್ಣ ಕರೆಂಟ್ ಮುಟ್ಟಿದರೆ ದೊಡ್ಡ ಕರೆಂಟಿಗೆ ದಾರಿ ಬಿಡುವ ಸ್ವಿಚ್. ಹಳೆಯ ವೈರ್ ರಿಲೇಗೆ ಕೀ ಆನ್ ಆಗಿದೆ ಅಂತ ಸುದ್ದಿ ಮುಟ್ಟಿಸಿದರೆ ಸಾಕು, ಜಾಕೆಟ್ಟಿನ ಕರೆಂಟೆಲ್ಲ ಹೊಸ ವೈರಿನಲ್ಲೇ ಹೋಗುತ್ತದೆ.

ಒಂದು ತಕರಾರು ಮಾತ್ರ ಉಳಿಯಿತು. ಬೈಕಿನಲ್ಲಿ ಕರೆಂಟ್ ಹುಟ್ಟುವುದು ಇಂಜಿನ್ ತಿರುಗಿದರೆ. ಸಿಗ್ನಲ್ಲಿನಲ್ಲಿ ಸುಮ್ನೆ ನಿಂತಾಗ ಹುಟ್ಟುವುದು ಕಡಿಮೆ, ಜಾಕೆಟ್ ತಿನ್ನುವುದು ಮಾತ್ರ ಮೊದಲಿನಷ್ಟೇ. ಹೆಡ್‌ಲೈಟ್ ಆರಿಸೋಣ ಅಂದರೆ 2017ರ ಏಪ್ರಿಲ್‌ನಿಂದ ಬರುವ ಗಾಡಿಗಳಲ್ಲಿ ಅದು ಇಂಜಿನ್ ಶುರುವಾದ ಕೂಡಲೇ ತಾನೇ ಹತ್ತಿಕೊಳ್ಳುತ್ತದೆ, ಆರಿಸಲು ಸ್ವಿಚ್ಚೇ ಇಲ್ಲ. ಕೊರತೆ ಬಿದ್ದದ್ದನ್ನೆಲ್ಲ ಬ್ಯಾಟರಿಯೇ ತುಂಬಬೇಕು. ಅದಕ್ಕೇ ನಿಂತಾಗ ಸ್ವಲ್ಪ ರೇಸ್ ಕೊಡಬೇಕು ಅಂತ ಊಟಕ್ಕೆ ಕೂತಾಗ ಎಲ್ಲರಿಗೂ ವಿವರಿಸಿದೆ. ಯಾರೂ ಕೇಳಿಸಿಕೊಳ್ಳಲಿಲ್ಲ ಅಂದುಕೊಂಡಿದ್ದೆ. ಅವ್ವ ಕೇಳಿಸಿಕೊಂಡಿದ್ದಳು.

ಅವ್ವನಿಗೆ ಮಂಡಿನೋವು. ಈಗ ಸಂಜೆಯಾದರೆ ಸಾಕು, ಅಂಗಳದಲ್ಲಿ ಬೈಕಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು, ಜಾಕೆಟ್ಟನ್ನು ಮೊಣಕಾಲಿಗೆ ಸುತ್ತಿಕೊಂಡು ಕೂರುತ್ತಾಳೆ. ನಾನು ಗಾಡಿ ಚಾಲೂ ಮಾಡಿ ಸೀಟಿನ ಮೇಲೆ. ಓಣಿಯವರು ಎಲ್ಲಿಗೆ ಹೊರಟಿರಿ ಅಂತ ಕೇಳಿ ಕೇಳಿ ಸಾಕಾಗಿ ಈಗ ಕೇಳುವುದನ್ನೇ ಬಿಟ್ಟಿದ್ದಾರೆ. ಪೆಟ್ರೋಲ್ ಸುಡುತ್ತದೆ ಅಂತ ನಾನು ಆಕ್ಸಿಲರೇಟರ್ ಬಿಟ್ಟರೆ ಮುಗಿಯಿತು.

"ಲೇ, ರೇಸ್ ಕೊಡೋ. ಎಡಗಾಲು ತಣ್ಣಗಾಗಾಕತ್ತೈತಿ."