ಬಾಮೈದನ ಹೆಬ್ಬೆರಳು, ನನ್ನ ಬಿಪಿ

ಇವತ್ತು ಬೆಳಿಗ್ಗೆ ನಮ್ಮ ಬಾಮೈದ ಕಾರು ತಂದು ಮನೆ ಮುಂದೆ ನಿಲ್ಲಿಸಿದ. "ಚೆಕ್ ಇಂಜಿನ್ ಲೈಟ್ ಮತ್ತೆ ಬಂದಿದೆ, ಸ್ವಲ್ಪ ನೋಡಿ ಭಾವ" ಅಂತ ರಾತ್ರಿಯೇ ಫೋನ್ ಮಾಡಿದ್ದ. ಏನೋ ತೊಂದರೆ ಇದೆ ಅಂತ ಕಾರಿನ ಕಂಪ್ಯೂಟರ್ ಹೊತ್ತಿಸುವ ಲೈಟ್ ಅದು, ಏನು ತೊಂದರೆ ಅನ್ನುವುದನ್ನು ಒಂದು ಕೋಡ್ ಮಾಡಿ ಒಳಗೆ ಬರೆದಿಟ್ಟಿರುತ್ತದೆ. ನಾನೂ ಸ್ವೆಟರ್ ಹಾಕಿಕೊಂಡು, ಟೋಪಿ ಕಿವಿ ಮೇಲೆ ಎಳೆದುಕೊಂಡು, ಆ ಕೋಡ್ ಓದುವ ಸ್ಕ್ಯಾನರ್ ಹಿಡಿದು ಬಾಗಿಲಲ್ಲೇ ಕಾಯುತ್ತಿದ್ದೆ. ಕಾರಿನ ಗಾಜು ಇಳಿಯಿತು. ಮೊಬೈಲ್ ಹಿಡಿದ ಕೈಯೊಂದು ಹೊರಗೆ ಬಂತು.

"ಭಾವ, ಬರೋ ದಾರೀಲೇ ಆರಿಸ್ಬಿಟ್ಟೆ! ನಿಮಗ್ಯಾಕೆ ತೊಂದರೆ ಅಂತ."

ಮುಖದಲ್ಲಿ ಕ್ಲಾಸಿಗೇ ಫಸ್ಟ್ ಬಂದವನ ನಗು.

"ಕೋಡ್ ಏನಿತ್ತು?" ಅಂದೆ.

"ಪಿ ಅಂತ ಏನೋ ಇತ್ತು ಭಾವ."

ಪಿ ಅಂತ ಏನೋ! ಇಂಜಿನ್ನು, ಗೇರ್‌ಬಾಕ್ಸಿನ ಕೋಡ್‌ಗಳೆಲ್ಲ ಪಿ ಅಕ್ಷರದಿಂದಲೇ ಶುರುವಾಗುತ್ತವೆ. ಕಳ್ಳ ಹೇಗಿದ್ದ ಅಂತ ಕೇಳಿದರೆ "ಎರಡು ಕಾಲಿತ್ತು ಸಾರ್" ಅಂದ ಹಾಗಾಯಿತು.

ಚಳಿ ಶುರುವಾದ ಮೇಲೆ ಇದು ಮೂರನೇ ಸಲ. ಲೈಟ್ ಬರುತ್ತದೆ, ಇವನು ಮೊಬೈಲಿನಲ್ಲಿ ಕೋಡ್ ಅಳಿಸುವ ಆಪ್ ತೆಗೆಯುತ್ತಾನೆ, ಹೆಬ್ಬೆರಳಲ್ಲಿ ಒಂದು ಸಲ ಒತ್ತುತ್ತಾನೆ, ಲೈಟ್ ಹೋಗುತ್ತದೆ. ಇವನ ಪ್ರಕಾರ ಅದು ರಿಪೇರಿ. ನನ್ನ ಪ್ರಕಾರ ಅದು ಸಾಕ್ಷಿ ನಾಶ.

ನನ್ನ ಹಳೇ ಕಾರಿನ ಪುರಾಣ ಕೇಳಿ ಕೇಳಿ ನಿಮಗೆಲ್ಲ ಸಾಕಾಗಿದೆ, ಗೊತ್ತು. ಆದರೂ ಇದನ್ನು ಬರೆಯದೆ ಇದ್ದರೆ ಇವತ್ತು ನನಗೆ ನಿದ್ದೆ ಬರುವುದಿಲ್ಲ.

ಲೈಟ್ ಬಂದಾಗ ಕಾರಿನ ಕಂಪ್ಯೂಟರ್ ಸುಮ್ನೆ ಒಂದು ನಂಬರ್ ಬರೆದಿಟ್ಟುಕೊಂಡು ಕೂರುವುದಿಲ್ಲ. ಆ ಕ್ಷಣದಲ್ಲಿ ಗಾಡಿ ಹೇಗಿತ್ತು ಅನ್ನುವುದರ ಒಂದು ಫೋಟೋ ತೆಗೆದಂತೆ ಎಲ್ಲವನ್ನೂ ಹಿಡಿದಿಡುತ್ತದೆ. ಕೂಲೆಂಟ್, ಅಂದರೆ ಇಂಜಿನ್ ತಣಿಸುವ ದ್ರವ, ಎಷ್ಟು ಡಿಗ್ರಿ, ಆರ್‌ಪಿಎಂ ಎಷ್ಟು, ವೇಗ ಎಷ್ಟು, ಇಂಜಿನ್ ಮೇಲೆ ಲೋಡ್ ಎಷ್ಟು, ಎಲ್ಲ. ಇದಕ್ಕೆ ಫ್ರೀಜ್ ಫ್ರೇಮ್ ಅನ್ನುತ್ತಾರೆ. ಹೆಸರಿಗೂ ಚಳಿಗೂ ಸಂಬಂಧ ಇಲ್ಲ, ಆದರೆ ಇದು ಜಾಸ್ತಿ ಕೆಲಸಕ್ಕೆ ಬರುವುದು ಚಳಿಯಲ್ಲೇ. ಯಾಕೆಂದರೆ ಚಳಿಯ ತೊಂದರೆಗಳು ಬೆಳಿಗ್ಗೆ ಬಂದು ಮಧ್ಯಾಹ್ನ ಮಾಯವಾಗುತ್ತವೆ. ಗ್ಯಾರೇಜಿಗೆ ಹೋಗುವ ಹೊತ್ತಿಗೆ ಇಂಜಿನ್ ಬಿಸಿಯಾಗಿರುತ್ತದೆ, ಗಾಡಿ ಒಳ್ಳೇ ಮಗುವಿನ ಹಾಗೆ ನಿಂತಿರುತ್ತದೆ. ಬೆಳಿಗ್ಗೆ ಅದು ಏನು ರಂಪ ಮಾಡಿತ್ತು ಅಂತ ಹೇಳಲು ಉಳಿದಿರುವುದು ಆ ಒಂದು ಫೋಟೋ. ನಮ್ಮ ಹುಡುಗ ಅದನ್ನೇ ಅಳಿಸಿಕೊಂಡು ಬರುತ್ತಾನೆ, ನನಗೆ ತೊಂದರೆ ಆಗಬಾರದು ಅಂತ.

ಚಳಿಯಲ್ಲಿ ಈ ಲೈಟ್ ಬರಲು ಕಾರಣ ಒಂದಾ ಎರಡಾ. ತಣ್ಣಗಿರುವ ಪೆಟ್ರೋಲ್ ಇಂಜಿನ್ ಪೆಟ್ರೋಲನ್ನು ಜಾಸ್ತಿ ಕುಡಿಯುತ್ತದೆ. ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರ್ ಸುಮಾರು 300 ಡಿಗ್ರಿ ಬಿಸಿಯಾಗುವ ತನಕ ಸರಿಯಾಗಿ ಬಾಯಿ ಬಿಡುವುದಿಲ್ಲ. ಅದನ್ನು ಬೇಗ ಬಿಸಿ ಮಾಡಲು ಒಳಗೆ ಪುಟ್ಟ ಹೀಟರ್ ಇರುತ್ತದೆ, ಆ ಹೀಟರ್ ಕೆಟ್ಟರೆ ಪಿ0135. ವ್ಯಾಕ್ಯೂಮ್ ಹೋಸ್‌ಗಳ ರಬ್ಬರ್ ಚಳಿಗೆ ಸೆಟೆದುಕೊಂಡು ಎಲ್ಲೋ ಸಣ್ಣಗೆ ಗಾಳಿ ಎಳೆಯುತ್ತದೆ, ಆಗ ಪಿ0171. ಪೆಟ್ರೋಲ್ ಟ್ಯಾಂಕ್ ಮುಚ್ಚಳದ ರಬ್ಬರ್ ಬಿಗಿಯಾಗಿ ಕೂರದಿದ್ದರೆ ಆವಿ ಸೋರುತ್ತದೆ, ಪಿ0455 ಅಥವಾ ಅದರ ತಮ್ಮಂದಿರು. ಬ್ಯಾಟರಿ ಚಳಿಗೆ ಸೊರಗಿರುತ್ತದೆ. ಸೆಲ್ಫ್ ಹೊಡೆದಾಗ ವೋಲ್ಟೇಜ್ ಕುಸಿದು, ಏನೂ ಆಗದ ಸೆನ್ಸರ್‌ಗಳ ಮೇಲೂ ಸುಮ್ನೆ ದೂರು ದಾಖಲಾಗುತ್ತದೆ. ಡೀಸೆಲ್ ಗಾಡಿಯವರ ಪಾಡು ಇನ್ನೊಂದು. ಹೊಗೆ ಶುದ್ಧ ಮಾಡಲು ಹಾಕುವ ಡಿಇಎಫ್ ದ್ರವದಲ್ಲಿ ಶೇ. 32.5ರಷ್ಟು ಯೂರಿಯಾ, ಉಳಿದದ್ದು ನೀರು. ಮೈನಸ್ 11 ಡಿಗ್ರಿಗೆ ಅದು ಹೆಪ್ಪುಗಟ್ಟುತ್ತದೆ. ಅದನ್ನು ಕರಗಿಸಲು ಟ್ಯಾಂಕಿನಲ್ಲೇ ಹೀಟರ್ ಇರುತ್ತದೆ. ಆ ಹೀಟರ್ ಕೈಕೊಟ್ಟಿದ್ದರೆ ಬೇಸಿಗೆಯಲ್ಲಿ ಅದರ ಅಗತ್ಯವೇ ಬೀಳದೆ ವಿಷಯ ಮುಚ್ಚಿಹೋಗಿರುತ್ತದೆ, ಚಳಿ ಬಂದಾಗ ಬಯಲಾಗುತ್ತದೆ.

ಅಂದ ಹಾಗೆ, ಬೆಳಿಗ್ಗೆ ಸೈಲೆನ್ಸರಿನಿಂದ ಬಿಳಿ ಹಬೆ ಬಂದು ನೀರು ತೊಟ್ಟಿಕ್ಕಿದರೆ "ಅಯ್ಯೋ ಇಂಜಿನ್ ಹೋಯ್ತು" ಅಂತ ನನಗೆ ಫೋನ್ ಮಾಡಬೇಡಿ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚು ಕಡಿಮೆ ಒಂದು ಲೀಟರ್ ನೀರೇ ಆಗುತ್ತದೆ. ಬೇಸಿಗೆಯಲ್ಲಿ ಅದು ಕಣ್ಣಿಗೆ ಕಾಣಿಸುವುದಿಲ್ಲ, ಅಷ್ಟೇ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ, ಕೂಲೆಂಟ್ ಕಡಿಮೆಯಾಗುತ್ತಿದ್ದರೆ ಆಗ ಮಾಡಿ.

ಇಷ್ಟೆಲ್ಲ ಕಾರಣಗಳಿಗೂ ಇರುವುದು ಅದೇ ಒಂದು ಹಳದಿ ಲೈಟ್. ಯಾವುದು ಅಂತ ಹೇಳುವುದು ಕೋಡ್. ಯಾವಾಗ, ಹೇಗೆ ಅಂತ ಹೇಳುವುದು ಫ್ರೀಜ್ ಫ್ರೇಮ್. ಎರಡನ್ನೂ ಒರೆಸಿ ಹಾಕಿ, ಆಮೇಲೆ "ಭಾವ, ಏನಾಗಿರಬಹುದು?" ಅಂದರೆ ನಾನೇನು ಕವಡೆ ಹಾಕಿ ಹೇಳಲಾ?

"ಚಳಿಗೆ ಹಾಗೆಲ್ಲ ಆಗುತ್ತೆ ರೀ, ತಾನಾಗೇ ಹೋಗುತ್ತೆ" ಅನ್ನುವವರಿದ್ದಾರೆ. ಕಳೆದ ಸಲ ಇದೇ ಮಾತನ್ನು ಇಲ್ಲಿ ಬರೆದವರು ಯಾರು ಅಂತ ನನಗೆ ನೆನಪಿದೆ, ಹೆಸರು ಹೇಳುವುದಿಲ್ಲ. ಸರಿ, ಒಪ್ಪಿದೆ, ಕೆಲವು ಸಲ ನಿಜ. ತೊಂದರೆ ಮತ್ತೆ ಕಾಣಿಸದೆ ಸಾಮಾನ್ಯವಾಗಿ ಮೂರು ಓಡಾಟ ಮುಗಿದರೆ ಕಂಪ್ಯೂಟರೇ ಲೈಟ್ ಆರಿಸುತ್ತದೆ. ಟ್ಯಾಂಕ್ ಮುಚ್ಚಳ ಸಡಿಲವಿದ್ದರೆ ಟಕ್ ಟಕ್ ಅನ್ನುವ ತನಕ ತಿರುಗಿಸಿ, ಕೆಲವು ದಿನ ಓಡಿಸಿ, ಹೋಗಬಹುದು. ತಕ್ಷಣ ಹೋಗಲಿಲ್ಲ ಅಂತ ಗಾಬರಿ ಬೇಡ. ಆವಿ ಸೋರಿಕೆಯ ಪರೀಕ್ಷೆಯನ್ನು ಗಾಡಿ ಎಲ್ಲ ಹೊತ್ತಿನಲ್ಲೂ ಮಾಡುವುದಿಲ್ಲ. ತೀರಾ ಚಳಿಯಿದ್ದರೆ, ಟ್ಯಾಂಕ್ ಪೂರ್ತಿ ತುಂಬಿದ್ದರೆ ಅಥವಾ ತಳ ಹಿಡಿದಿದ್ದರೆ ಮುಂದೂಡುತ್ತದೆ.

ಆದರೆ ಸ್ವಾಮಿ, ತಾನಾಗೇ ಹೋಗುವುದಾದರೆ ತಾನಾಗೇ ಹೋಗಲಿ ಬಿಡಿ. ನಿಮ್ಮ ಹೆಬ್ಬೆರಳಿಗೆ ಏನು ಅರ್ಜೆಂಟು? ಅಳಿಸಿದರೆ ಗಾಡಿ ಅಲ್ಲಿಯವರೆಗೆ ಮಾಡಿ ಮುಗಿಸಿದ್ದ ಸ್ವಯಂ ಪರೀಕ್ಷೆಗಳ ಲೆಕ್ಕವೂ ಸೊನ್ನೆಗೆ ಬರುತ್ತದೆ. ಬ್ಯಾಟರಿ ವೈರ್ ಬಿಚ್ಚಿ ಹಾಕಿದರೂ ಸಾಮಾನ್ಯವಾಗಿ ಅಷ್ಟೇ. ಎಲ್ಲೆಲ್ಲಿ ಸ್ಕ್ಯಾನರ್ ಚುಚ್ಚಿ ಹೊಗೆ ತಪಾಸಣೆ ಮಾಡುತ್ತಾರೋ ಅಲ್ಲೆಲ್ಲ ಆಗ "ರೆಡಿ ಇಲ್ಲ" ಅಂತ ಬರುತ್ತದೆ, ವಾಪಸ್ ಕಳಿಸಲೂಬಹುದು.

ಒಂದು ಮಾತ್ರ ತಮಾಷೆಯಲ್ಲ. ಲೈಟ್ ಸುಮ್ನೆ ಉರಿಯುತ್ತಿದ್ದರೆ ಒಂದು, ಮಿಣುಕುತ್ತಿದ್ದರೆ ಇನ್ನೊಂದು. ಮಿಣುಕಿದರೆ ಇಂಜಿನ್ ಜೋರಾಗಿ ಮಿಸ್ ಹೊಡೆಯುತ್ತಿದೆ ಅಂತ ಅರ್ಥ. ಉರಿಯದ ಪೆಟ್ರೋಲ್ ನೇರ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಅಲ್ಲಿ ಉರಿಯುತ್ತದೆ. ಒಳಗಿನ ಜೇನುಗೂಡಿನಂಥ ರಚನೆ ಕರಗಿಯೇ ಹೋಗಬಹುದು. ಆಗ ಕಾಲು ತೆಗೆಯಿರಿ, ಪಕ್ಕಕ್ಕೆ ಹಾಕಿ ನಿಲ್ಲಿಸಿ. ಆಪ್ ಆಮೇಲೆ.

ಇಷ್ಟು ಬೈದ ಮೇಲೆ ಒಂದು ತಪ್ಪೊಪ್ಪಿಗೆ. ಹಳೇ ಕಾರಿನಲ್ಲಿ ನಾನು ಆ ಲೈಟಿನ ಮೇಲೆ ಕಪ್ಪು ಟೇಪ್ ಅಂಟಿಸಿದ್ದೆ. ಹೌದು, ನಾನೇ. ನೀಟಾಗಿ, ಉಗುರಿನಷ್ಟು ಕತ್ತರಿಸಿ. ಅದಕ್ಕೂ ಮೊದಲು ಯಾವುದೋ ವಿಡಿಯೋ ನೋಡಿ, ಕೋಡ್ ಕೂಡ ಓದದೆ, ಆಕ್ಸಿಜನ್ ಸೆನ್ಸರೇ ಹೋಗಿದೆ ಅಂತ ತೀರ್ಮಾನ ಮಾಡಿ ಹೊಸದು ಹಾಕಿಸಿದ್ದೆ. ಲೈಟ್ ಮತ್ತೆ ಬಂತು. ಹೊಸದೇ ಡೂಪ್ಲಿಕೇಟ್ ಇರಬೇಕು ಅಂತ ಇನ್ನೊಂದು ಹಾಕಿಸಿದೆ. ಮತ್ತೆ ಬಂತು. ಆಮೇಲೆ ಟೇಪ್.

ಕೊನೆಗೆ ಬೇರೆ ಯಾವುದೋ ಕೆಲಸಕ್ಕೆ ಗಾಡಿ ಬಿಟ್ಟಾಗ ಒಬ್ಬ ಹಳೇ ಮೆಕ್ಯಾನಿಕ್ ಟೇಪ್ ಕಿತ್ತು ನನ್ನ ಮುಖ ನೋಡಿದ. ಬೈಯಲಿಲ್ಲ. "ಸಾರ್, ಹೀಟರ್‌ನಲ್ಲಿ ಬಿಸಿ ಗಾಳಿ ಬರ್ತಿದೆಯಾ?" ಅಂತ ಮಾತ್ರ ಕೇಳಿದ.

ಬರುತ್ತಿರಲಿಲ್ಲ. ಎರಡು ತಿಂಗಳಿಂದ ಉಗುರು ಬೆಚ್ಚಗಿನ ಗಾಳಿಯಲ್ಲಿ ಸ್ವೆಟರ್ ಹಾಕಿಕೊಂಡು ಓಡಿಸುತ್ತಿದ್ದೆ, ಈ ವರ್ಷ ಚಳಿ ಜಾಸ್ತಿ ಅಂತ ಎಲ್ಲರಿಗೂ ಹೇಳಿಕೊಂಡು.

ಮರುದಿನ ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಬಾನೆಟ್ ಎತ್ತಿ, ಫ್ಯಾನಿಗೆ ತಾಗದ ಹಾಗೆ ನನ್ನ ಕೈ ಹಿಡಿದು ರೇಡಿಯೇಟರಿಗೆ ಹೋಗುವ ಮೇಲಿನ ದಪ್ಪ ಹೋಸ್ ಮೇಲೆ ಇಡಿಸಿದ. ಕೂಲೆಂಟನ್ನು ರೇಡಿಯೇಟರಿಗೆ ಬಿಡುವ ಬಾಗಿಲು ಥರ್ಮೋಸ್ಟಾಟ್. ಅದು ಸರಿಯಿದ್ದರೆ ಇಂಜಿನ್ ಬಿಸಿಯಾಗುವ ತನಕ ಆ ಹೋಸ್ ತಣ್ಣಗಿದ್ದು, ಆಮೇಲೆ ಒಮ್ಮೆಲೇ ಕಾಯಬೇಕಂತೆ. ನನ್ನದು ಎರಡೇ ನಿಮಿಷಕ್ಕೆ ಮೆಲ್ಲಗೆ ಬೆಚ್ಚಗಾಗತೊಡಗಿತು. ಥರ್ಮೋಸ್ಟಾಟ್ ಬಾಯಿ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿತ್ತು. ಕೂಲೆಂಟ್ ಮೊದಲಿಂದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗಿ ಬರುತ್ತಿತ್ತು. ಕಾರಿನೊಳಗಿನ ಹೀಟರಿಗೂ ಬಿಸಿ ಸಿಗಬೇಕಾದ್ದು ಅದೇ ಕೂಲೆಂಟಿನಿಂದ. ಇಂಜಿನ್ ಇನ್ನೂ ತಣ್ಣಗಿದೆ ಅಂತ ಕಂಪ್ಯೂಟರ್ ಪೆಟ್ರೋಲ್ ಸುರಿಯುತ್ತಲೇ ಇತ್ತು. ಹೊಗೆಯೂ ಜಾಸ್ತಿ, ಖರ್ಚೂ ಜಾಸ್ತಿ. ಬೇಸಿಗೆಯಲ್ಲಿ ಹೊರಗಿನ ಬಿಸಿಗೆ ಹೇಗೋ ನಡೆದುಹೋಗಿತ್ತು. ಇಷ್ಟು ಚಳಿಯಲ್ಲಿ ಇಷ್ಟು ಹೊತ್ತು ಓಡಿದರೆ ಇಂಜಿನ್ ಇಷ್ಟು ಬಿಸಿಯಾಗಿರಲೇಬೇಕು ಅಂತ ಕಂಪ್ಯೂಟರ್ ಲೆಕ್ಕ ಇಟ್ಟಿರುತ್ತದೆ. ಆ ಲೆಕ್ಕ ತಪ್ಪಿದರೆ ಬರುವ ಕೋಡ್ ಪಿ0128. ಓದಿದ್ದರೆ ಒಂದು ನಿಮಿಷದ ಕೆಲಸ. ನಾನು ಎರಡು ಸೆನ್ಸರ್ ಮತ್ತು ಒಂದು ಚಳಿಗಾಲ ಕಳೆದೆ.

ಅದಕ್ಕೇ ಬಾಮೈದನ ಆ ಹೆಬ್ಬೆರಳು ಕಂಡರೆ ನನಗೆ ಉರಿಯುವುದು. ಅದು ನನ್ನದೇ ಟೇಪ್, ಮೊಬೈಲ್ ಒಳಗೆ ಬಂದಿದೆ.

ಇನ್ನು ಮುಂದೆ ಯಾರೇ ಆಗಲಿ, ಅಳಿಸುವ ಮೊದಲು ಒಂದು ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಕೋಡಿನದೊಂದು, ಫ್ರೀಜ್ ಫ್ರೇಮಿನದೊಂದು. ಬೆಳಿಗ್ಗೆ ಎಷ್ಟು ಚಳಿಯಿತ್ತು, ಸ್ಟಾರ್ಟ್ ಮಾಡಿದ ತಕ್ಷಣ ಬಂತಾ, ಅರ್ಧ ಗಂಟೆ ಆದ ಮೇಲಾ, ಇಷ್ಟು ಬರೆದುಕೊಳ್ಳಿ. ಇಷ್ಟು ತಂದು ಕೊಟ್ಟರೆ ಮೆಕ್ಯಾನಿಕ್ ನಿಮ್ಮನ್ನು ಕುರ್ಚಿ ಹಾಕಿ ಕೂರಿಸುತ್ತಾನೆ.

ಇವತ್ತಿನ ಕಥೆ ಎಲ್ಲಿಗೆ ಬಂತು ಅಂದರೆ, ಸಿಟ್ಟಿನಲ್ಲೇ ಸ್ಕ್ಯಾನರ್ ಚುಚ್ಚಿದೆ. ಕೋಡ್ ಜಾಗ ಖಾಲಿ. ಫ್ರೀಜ್ ಫ್ರೇಮ್ ಖಾಲಿ. ಕೂಲೆಂಟ್ ಎಷ್ಟಿದೆ ಅಂತ ನೋಡಿದೆ, 61 ಡಿಗ್ರಿ. ಅರ್ಧ ಗಂಟೆ ಓಡಿಸಿಕೊಂಡು ಬಂದ ಗಾಡಿ, 80 ದಾಟಿರಬೇಕಿತ್ತು. ಇವನ ಕಡೆ ನೋಡಿದೆ. ಕಾರಿನೊಳಗೆ ಕೂತಿದ್ದರೂ ಜಾಕೆಟ್ ಜಿಪ್ ಗಂಟಲವರೆಗೆ ಎಳೆದುಕೊಂಡಿದ್ದ.

ಈಚಿನ ಎಷ್ಟೋ ಗಾಡಿಗಳಲ್ಲಿ ಪರ್ಮನೆಂಟ್ ಕೋಡ್ ಅಂತ ಇನ್ನೊಂದು ಜಾಗ ಇರುತ್ತದೆ. ಅಲ್ಲಿ ಬರೆದದ್ದನ್ನು ಯಾವ ಆಪ್‌ನಿಂದಲೂ ಅಳಿಸಲು ಆಗುವುದಿಲ್ಲ. ತೊಂದರೆ ಹೋಗಿದೆ ಅಂತ ಗಾಡಿಗೇ ಖಾತ್ರಿಯಾದ ಮೇಲೆ ಅದೇ ಅಳಿಸಿಕೊಳ್ಳಬೇಕು. ಆ ಪುಟ ತೆರೆದೆ. ಪಿ0128 ತಣ್ಣಗೆ ಕೂತಿತ್ತು.

ಥರ್ಮೋಸ್ಟಾಟ್ ಅಂದರೇನು, ಹೋಸ್ ಹೇಗೆ ಮುಟ್ಟಿ ನೋಡಬೇಕು, ಹೀಟರ್ ಯಾಕೆ ಬಿಸಿ ಬರುತ್ತಿಲ್ಲ, ಎಲ್ಲ ಹತ್ತು ನಿಮಿಷ ಬಿಡಿಸಿ ಹೇಳಿದೆ. ತಲೆಯಾಡಿಸುತ್ತಾ ಕೇಳಿದ. ನನಗೂ ಮನಸ್ಸು ಸ್ವಲ್ಪ ಹಗುರಾಯಿತು.

ಆಮೇಲೆ ಮೊಬೈಲ್ ಜೇಬಿನಿಂದ ತೆಗೆದು ಕೇಳಿದ, "ಭಾವ, ಪರ್ಮನೆಂಟ್ ಕೋಡ್ ಅಳಿಸೋದಕ್ಕೆ ಬೇರೆ ಆಪ್ ಏನಾದ್ರೂ ಇದೆಯಾ?"