ನಸುಕಿಗೇ ಹೊರಡುವ ಚಾಳಿ, ಎರಡಕ್ಕೇ ಮುಚ್ಚುವ ಅಡುಗೆಮನೆ

ನಮ್ಮವರ ಪ್ರವಾಸವೆಂದರೆ ಬೆಳಗಿನ ಜಾವ ನಾಲ್ಕಕ್ಕೆ ಟಿಟಿ (ಟೆಂಪೋ ಟ್ರಾವೆಲರ್) ಬಂದು ಮನೆಮುಂದೆ ನಿಂತಿರಬೇಕು. ಬೆಂಗಳೂರಿನಿಂದ ಬೇಲೂರು, ಹಳೇಬೀಡಿಗೆ ಹೋಗುವವರಿಗೆ ಆ ಲೆಕ್ಕ ಸರಿಯೇ. ನೆಲಮಂಗಲದ ದಟ್ಟಣೆ ಏಳುವ ಮೊದಲೇ ಅದನ್ನು ದಾಟಿಬಿಟ್ಟರೆ ಹಾಸನದಲ್ಲಿ ತಿಂಡಿ. ಬೇಲೂರಿನದು ಪೂಜೆ ನಡೆಯುವ ಗುಡಿ, ಮಧ್ಯಾಹ್ನ ಗರ್ಭಗುಡಿಯ ಬಾಗಿಲು ಹಾಕುತ್ತಾರೆ. ಅಷ್ಟರೊಳಗೆ ದರ್ಶನ ಮುಗಿಸಿಕೊಂಡರೆ ಹದಿನಾರು ಕಿಲೋಮೀಟರ್ ಆಚೆಯ ಹಳೇಬೀಡಿಗೆ ಇಡೀ ಮಧ್ಯಾಹ್ನ ಉಳಿಯುತ್ತದೆ.

ಮೆಲ್ಬರ್ನ್‌ನಲ್ಲಿ ನೆಲೆಸಿದ ಕನ್ನಡಿಗರು ಇದೇ ಚಾಳಿಯನ್ನು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದ ಚಿನ್ನದ ಸೀಮೆಗೂ, ಅಂದರೆ ಹಿಂದೆ ಚಿನ್ನದ ಗಣಿಗಳಿದ್ದ ಊರುಗಳಿಗೂ ಒಯ್ಯುತ್ತಾರೆ. ಅಲ್ಲಿ ಅದು ಎರಡು ಕಡೆ ಕೈಕೊಡುತ್ತದೆ. ಮೊದಲನೆಯದು ಕಾಂಗರೂ. ಅವು ಮೇಯಲು ರಸ್ತೆಬದಿಗೆ ಬರುವುದೇ ನಸುಕಿನಲ್ಲಿ ಮತ್ತು ಮುಸ್ಸಂಜೆಯಲ್ಲಿ. ಅಡ್ಡ ಬಂದರೆ ನೇರವಾಗಿ ಬ್ರೇಕ್ ಒತ್ತಬೇಕು, ಸ್ಟೀರಿಂಗ್ ತಿರುಗಿಸಬಾರದು. ಪ್ರಾಣಿಗೆ ಬಡಿಯುವುದಕ್ಕಿಂತ ಅದನ್ನು ತಪ್ಪಿಸಲು ಹೋಗಿ ಮರಕ್ಕೆ ಗುದ್ದುವ ಭಯವೇ ಇಲ್ಲಿ ಹೆಚ್ಚು. ಕಾರು ಬಾಡಿಗೆಯದಾದರೆ ಕರಾರಿನ ಸಣ್ಣ ಅಕ್ಷರಗಳನ್ನು ಓದಿಕೊಳ್ಳಿ. ಕತ್ತಲಲ್ಲಿ ಪ್ರಾಣಿಯಿಂದಾದ ಹಾನಿಗೆ ವಿಮೆ ಸಿಗದು, ಇಲ್ಲವೇ ಕೈಯಿಂದ ಕಟ್ಟುವ ಪಾಲು ದೊಡ್ಡದು ಎಂದು ಹಲವು ಕರಾರುಗಳಲ್ಲಿ ಬರೆದಿರುತ್ತದೆ. ಎರಡನೆಯದು ಸರಳ: ಆರೂವರೆಗೆ ಹೋಗಿ ನಿಂತರೆ ಊರಿನಲ್ಲಿ ಒಂದು ಬಾಗಿಲೂ ತೆರೆದಿರುವುದಿಲ್ಲ.

ಇಲ್ಲಿನ ಸಣ್ಣ ಊರುಗಳಲ್ಲಿ ದಿನ ಚಿಕ್ಕದು. ಪಬ್‌ನ ಅಡುಗೆಮನೆ ಹೆಚ್ಚಾಗಿ ಹನ್ನೆರಡರಿಂದ ಎರಡು, ಮತ್ತೆ ಸಂಜೆ ಆರರಿಂದ ಎಂಟು. ಕೆಫೆಗಳು ಮೂರರ ಸುಮಾರಿಗೆ ಕುರ್ಚಿ ಮಗುಚಿ ಮೇಜಿನ ಮೇಲಿಡುತ್ತವೆ. ಸೋಮವಾರ, ಮಂಗಳವಾರ ಅರ್ಧ ಬೀದಿಯೇ ಮುಚ್ಚಿರುತ್ತದೆ. ದಾವಣಗೆರೆ ದಾಟಿದ ಮೇಲೂ ರಾತ್ರಿ ಹತ್ತಕ್ಕೆ ಎಲ್ಲೋ ಒಂದು ಖಾನಾವಳಿ ಸಿಕ್ಕೇ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಪ್ರವಾಸ ಹೊಸೆಯುವವರು ಇಲ್ಲಿ ಪೆಟ್ರೋಲ್ ಬಂಕಿನ ಚಿಪ್ಸ್ ತಿಂದು ಮಲಗುತ್ತಾರೆ. ಅದಕ್ಕೇ ಊಟದ ಹೊತ್ತನ್ನು ಮೊದಲು ಗುರುತಿಸಿಕೊಂಡು ದಾರಿಯನ್ನು ಅದರ ಸುತ್ತ ಹೊಂದಿಸಿಕೊಳ್ಳಬೇಕು. ಹಗಲ ಬೆಳಕನ್ನೂ ಹಾಗೆಯೇ ಅಳೆದುಕೊಳ್ಳಬೇಕು. ಜೂನ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗುತ್ತಾನೆ, ಡಿಸೆಂಬರ್‌ನಲ್ಲಿ ಎಂಟೂವರೆ ದಾಟುತ್ತದೆ.

ಎರಡು ದಿನಕ್ಕೆ ಒಪ್ಪುವ ಒಂದು ಸುತ್ತು ಹೀಗಿದೆ. ಮೆಲ್ಬರ್ನ್‌ನಿಂದ ಎಂಟಕ್ಕೆ ಹೊರಟು ಬ್ಯಾಲರಾಟ್, ಸುಮಾರು 115 ಕಿಲೋಮೀಟರ್. ಅಲ್ಲಿಂದ ಕ್ರೆಸ್ವಿಕ್ ಮೇಲೆ ಕ್ಲೂನ್ಸ್, ಮುಂದೆ ಮಾಲ್ಡನ್, ಆಮೇಲೆ ಕಾಸಲ್‌ಮೇನ್, ಕೊನೆಗೆ ಹೆದ್ದಾರಿ ಹಿಡಿದು ವಾಪಸ್. ಒಟ್ಟು 350 ಕಿಲೋಮೀಟರ್ ಆಸುಪಾಸು. ನಮ್ಮ ಕಡೆಯವರ ಕಣ್ಣಿಗೆ ಇದು ಒಂದೇ ದಿನದ ದಾರಿ. ಓಡಿಸಿ ಮುಗಿಸುವುದಾದರೆ ಹೌದು, ನೋಡುವುದಾದರೆ ಅಲ್ಲ. ಬ್ಯಾಲರಾಟ್‌ನ ಸಾವರಿನ್ ಹಿಲ್ ಒಂದೇ ಐದಾರು ಗಂಟೆ ತಿನ್ನುತ್ತದೆ. 1970ರಲ್ಲಿ ತೆರೆದ ಈ ಬಯಲು ವಸ್ತುಸಂಗ್ರಹಾಲಯ 1850ರ ದಶಕದ ಗಣಿ ಊರನ್ನು ಮತ್ತೆ ಕಟ್ಟಿ ನಿಲ್ಲಿಸಿದೆ. ತೊರೆಯ ಮರಳು ಜಾಲಿಸಿ ಸಿಕ್ಕ ಚಿನ್ನದ ಚೂರನ್ನು ನೀವೇ ಇಟ್ಟುಕೊಳ್ಳಬಹುದು. ಕಾಸಲ್‌ಮೇನ್‌ನಿಂದ ಮಾಲ್ಡನ್‌ಗೆ ಹೋಗುವ ಹಬೆ ರೈಲು ವಾರದ ಕೆಲವೇ ದಿನ ಓಡುತ್ತದೆ. ಅದು ಬೇಕಿದ್ದರೆ ಮೊದಲು ರೈಲಿನ ದಿನ ನೋಡಿ, ಆಮೇಲೆ ರಜೆ ಹಾಕಿ.

ದಾರಿ ಆರಿಸುವಾಗ ಫೋನಿನ ನಕ್ಷೆ ದಾರಿ ತಪ್ಪಿಸುವುದು ಇಲ್ಲಿಯೇ. ಕೊನೆಯ ಊರಿನ ಹೆಸರು ಮಾತ್ರ ಕೊಟ್ಟರೆ ಅದು ಹೆದ್ದಾರಿಗೇ ಎಳೆದೊಯ್ಯುತ್ತದೆ. ಹೆದ್ದಾರಿ ಬೇಡವೆಂದು ಗುಂಡಿ ಒತ್ತಿದರೆ ಇನ್ನೊಂದು ತುದಿಗೆ ಹೋಗಿ ಜಲ್ಲಿ ರಸ್ತೆಗೆ ನುಗ್ಗಿಸುತ್ತದೆ. ಡಾಂಬರಿಲ್ಲದ ರಸ್ತೆಯಲ್ಲಿ ಬಾಡಿಗೆ ಕಾರಿನ ವಿಮೆ ಸಾಮಾನ್ಯವಾಗಿ ನಡೆಯುವುದಿಲ್ಲ. ನಡುವಿನ ಊರುಗಳನ್ನು ಒಂದೊಂದಾಗಿ ಸೇರಿಸಿ, ಪ್ರತಿ ತುಂಡನ್ನೂ ದೊಡ್ಡದು ಮಾಡಿ ನೋಡುವುದೇ ಉಪಾಯ. ಫಲಕಗಳಲ್ಲಿ ‘ಸಿ’ ಅಕ್ಷರ ಮತ್ತು ಅಂಕಿ ಇರುವ ರಸ್ತೆಗಳು ನಿಮಗೆ ಬೇಕಾದವು. ಹೊಲ, ನೀಲಗಿರಿ ಮರ, ಕುರಿಮಂದೆ ಎಲ್ಲ ಆ ಬದಿಗಳಲ್ಲಿಯೇ. ಬೇರೆ ಫಲಕವಿಲ್ಲದಿದ್ದರೆ ಊರಾಚೆ ಗಂಟೆಗೆ 100, ಊರೊಳಗೆ 50 ಕಿಲೋಮೀಟರ್ ಮಿತಿ. ಜಲ್ಲಿ ರಸ್ತೆಗೂ ಅದೇ 100 ಅನ್ವಯಿಸುತ್ತದೆಂದು ಆ ವೇಗದಲ್ಲಿ ಹೋದರೆ ತಿರುವಿನಲ್ಲಿ ಕಾರು ಜಾರುತ್ತದೆ.

ನಮ್ಮ ಕಡೆ ಅಪಾಯ ಕಣ್ಣಿಗೆ ಕಾಣುತ್ತದೆ, ಅದರ ಪಟ್ಟಿ ಬೇರೆ. ಸುಗ್ಗಿಯಲ್ಲಿ ರಸ್ತೆಯೇ ಕಣ. ರಾಗಿ ಹಾಸಿದ್ದರೆ ಚಕ್ರ ಜಾರಬಹುದು, ಅಷ್ಟೇ. ಹುರುಳಿ ಬಳ್ಳಿಯ ಮೇಲೆ ಮಾತ್ರ ಹೋಗಲೇಬಾರದು. ಅದು ಕಾರಿನ ಅಡಿಯಲ್ಲಿ ತಿರುಗುವ ಭಾಗಗಳಿಗೆ ಸುತ್ತಿಕೊಂಡು, ಸೈಲೆನ್ಸರ್ ಕಾವಿಗೆ ಹೊತ್ತಿಕೊಳ್ಳುತ್ತದೆ. ಹೋಗಲೇಬೇಕಾಗಿ ಬಂದರೆ ದಾಟಿದ ಕೂಡಲೇ ನಿಲ್ಲಿಸಿ, ಬಗ್ಗಿ ನೋಡಿ, ಸಿಕ್ಕಿಕೊಂಡದ್ದನ್ನು ಕೋಲಿನಿಂದ ಎಳೆದು ಹಾಕಿ. ಬಾಗಲಕೋಟೆ ಸೀಮೆಯಲ್ಲಿ ಕಬ್ಬು ನುರಿಸುವ ಕಾಲಕ್ಕೆ ಹಿಂದೀಪವಿಲ್ಲದ ಜೋಡಿ ಟ್ರೇಲರ್‌ಗಳಿರುತ್ತವೆ. ಬಾದಾಮಿಗೆ ಕತ್ತಲಾಗುವ ಮೊದಲೇ ಸೇರಿಕೊಳ್ಳಬೇಕು ಎನ್ನುವುದು ಅದಕ್ಕೇ. ಬಣ್ಣ ಮಾಸಿದ ಹಂಪುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ ಅಲ್ಲಿ ಗಂಟೆಗೆ ಸರಾಸರಿ ನಲವತ್ತು ಸಿಕ್ಕರೆ ಪುಣ್ಯ. ಇಲ್ಲಿ ಎಪ್ಪತ್ತೈದು ಸಿಗುತ್ತದೆ.

ಬುತ್ತಿಯ ವಿಷಯದಲ್ಲಿ ನಮ್ಮ ಅಭ್ಯಾಸವೇ ಮೇಲು ಎಂದು ನಾನು ವಾದಿಸುತ್ತೇನೆ. ಪುಳಿಯೋಗರೆ, ಚಪಾತಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡವರಿಗೆ ಎರಡು ಗಂಟೆಯ ಬಾಗಿಲಿನ ಹಂಗಿಲ್ಲ. ಇಲ್ಲಿ ಬಹುತೇಕ ಪ್ರತಿ ಊರಿನಲ್ಲೂ ಉದ್ಯಾನ, ಮೇಜು, ಪುಕ್ಕಟೆ ಶೌಚಾಲಯ ಇರುತ್ತವೆ. ಈ ಕೊನೆಯದರಲ್ಲಿ ನಮ್ಮ ನಾಡು ಕಲಿಯಬೇಕಾದದ್ದು ಬೆಟ್ಟದಷ್ಟಿದೆ. ಒಂದೇ ಎಚ್ಚರಿಕೆ: ಬೇಸಿಗೆಯಲ್ಲಿ ಪುಟ್ಟ ಗ್ಯಾಸ್ ಒಲೆ ಒಯ್ದು ಕಾಫಿ ಕಾಸುವ ಉಮೇದಿದ್ದರೆ ಆ ದಿನ ಪೂರ್ಣ ಬೆಂಕಿ ನಿಷೇಧ ಇದೆಯೇ ಎಂದು ವಿಕ್ಟೋರಿಯಾ ಸರ್ಕಾರದ ವಿಕ್‌ಎಮರ್ಜೆನ್ಸಿ ಆ್ಯಪ್‌ನಲ್ಲಿ ನೋಡಿ. ಅದನ್ನು ಜಿಲ್ಲೆವಾರು ಘೋಷಿಸುತ್ತಾರೆ, ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗೆ. ಒಂದೇ ಸುತ್ತಿನಲ್ಲಿ ಎರಡು ಜಿಲ್ಲೆ ಹಾಯಬೇಕಾಗಿ ಬರಬಹುದು. ಫ್ಲಾಸ್ಕ್ ಒಯ್ದರೆ ಈ ತಲೆನೋವೇ ಇಲ್ಲ.

ಊರಿನಿಂದ ಮೊಮ್ಮಕ್ಕಳ ಕಾರ್‌ಸೀಟನ್ನು ಹೊತ್ತು ತರುವವರಿದ್ದಾರೆ, ಅದು ದಂಡದ ಬಾಬತ್ತು. ಏಳು ವರ್ಷದೊಳಗಿನ ಮಕ್ಕಳಿಗೆ ಆಸ್ಟ್ರೇಲಿಯಾದ ಮಾನಕದ ಗುರುತಿರುವ ಸೀಟೇ ಬೇಕು. ಕಾರಿನ ಜೊತೆಗೇ ಬಾಡಿಗೆಗೆ ಹೇಳಿಡಿ.

ಈ ಊರುಗಳಲ್ಲಿ ಕಾರು ನಿಲ್ಲಿಸುವುದೂ ಒಂದು ವಿದ್ಯೆ. ಬೀದಿಗೆ ಓರೆಯಾಗಿ ನಿಲ್ಲಿಸುವ ಪದ್ಧತಿ. ಕೆಲವು ಕಡೆ ಹಿಂಬದಿ ಕಟ್ಟೆಗೆ ತಾಗುವಂತೆ ನಿಲ್ಲಿಸಬೇಕೆಂದು ಫಲಕವಿರುತ್ತದೆ, ಮೂತಿ ಮುಂದಿಟ್ಟರೆ ದಂಡ. ಹಳೆಯ ಬೀದಿಗಳಲ್ಲಿ ಕಾಲುದಾರಿಯ ಅಂಚಿಗೆ ಕಲ್ಲು ಹಾಸಿದ ಆಳದ ಮೋರಿಯಿದೆ. ತಗ್ಗಿನ ಕಾರಾದರೆ ಬಂಪರ್ ಅದಕ್ಕೆ ಗೀರಿಕೊಳ್ಳುತ್ತದೆ, ಒಂದಡಿ ಹಿಂದೆಯೇ ನಿಲ್ಲಿಸಿ.

ಊರಿನಿಂದ ಬಂದ ಹಿರಿಯರನ್ನು ಕರೆದೊಯ್ದಾಗ ಬರುವ ತಕರಾರು ಬೇರೆಯೇ. ಬಾದಾಮಿಯ ಮೂರನೆಯ ಗುಹೆಯ ಶಾಸನ 578ರದು. ಅದನ್ನು ಕಂಡವರಿಗೆ 1862ರ ಕಾಸಲ್‌ಮೇನ್ ಮಾರುಕಟ್ಟೆ ಕಟ್ಟಡ ತೋರಿಸಿದರೆ ‘ಇಷ್ಟೇನಾ?’ ಅನ್ನದೆ ಇರುತ್ತಾರೆಯೇ? ವಯಸ್ಸಿನಲ್ಲಿ ಇಲ್ಲಿನ ಊರುಗಳು ಪಂದ್ಯ ಸೋತಂತೆಯೇ. ನೋಡಬೇಕಾದದ್ದು ಅವು ಉಳಿದಿರುವ ಬಗೆಯನ್ನು. ನಮ್ಮಲ್ಲಿ ಕಾನೂನು ಸ್ಮಾರಕವನ್ನು ನಡುವಿಟ್ಟು ಗೆರೆ ಎಳೆಯುತ್ತದೆ: ಸುತ್ತ 100 ಮೀಟರ್‌ನಲ್ಲಿ ಕಟ್ಟಡ ಕಟ್ಟುವುದು ನಿಷೇಧಿತ, ಅದರಾಚೆಯ 200 ಮೀಟರ್‌ನಲ್ಲಿ ನಿಯಂತ್ರಿತ. ಗುಡಿ ಉಳಿಯುತ್ತದೆ. ತೇರಿನ ಬೀದಿಯ ಜಗಲಿ, ಕಂಬ, ನಾಡಹೆಂಚಿನ ಮನೆ ಒಂದೊಂದಾಗಿ ಸಿಮೆಂಟಾಗುತ್ತವೆ. ಮಾಲ್ಡನ್‌ನಲ್ಲಿ ಒಂದೇ ಒಂದು ಮಹಾ ಸ್ಮಾರಕವಿಲ್ಲ. 1966ರಲ್ಲಿ ಹಳೆಯ ಕಟ್ಟಡಗಳ ಉಳಿವಿಗೆ ದುಡಿಯುವ ಅಲ್ಲಿನ ನ್ಯಾಷನಲ್ ಟ್ರಸ್ಟ್ ಸಂಸ್ಥೆ ಇಡೀ ಊರನ್ನೇ ಗಣ್ಯ ಊರೆಂದು ಸಾರಿತು, ಆ ದೇಶದಲ್ಲಿ ಅದೇ ಮೊದಲು. ಇಂದಿಗೂ ಇಂಥ ಬೀದಿಗಳಲ್ಲಿ ಅಂಗಡಿಯ ಮುಖ ಕೆಡವಲು ಸ್ಥಳೀಯ ಆಡಳಿತದ ಅನುಮತಿ ಬೇಕು. ಮೇಲುಕೋಟೆಯ ಹಳೆಯ ಬೀದಿಗಳಿಗೆ ಇಂಥದೊಂದು ಕಟ್ಟುಪಾಡು ಬಂದರೆ ಅಲ್ಲಿನ ಮನೆಯವರಿಗೆ ರಿಪೇರಿಯ ಹಣವೂ ಜೊತೆಗೇ ಬರಬೇಕು. ಬರೀ ನಿಷೇಧದಿಂದ ಹೆಂಚು ನಿಲ್ಲುವುದಿಲ್ಲ.

ಹಾಗಾಗಿ ಹಿರಿಯರಿದ್ದಾಗ ಸಾವರಿನ್ ಹಿಲ್ ಮೊದಲು. ಗಣಿಗಾರನ ಡೇರೆ, ಕಮ್ಮಾರಸಾಲೆ, ಚೀನೀ ಗಣಿಗಾರರ ಗುಡಾರ ಕಣ್ಣಿಗೆ ಬಿದ್ದಮೇಲೆ ಮರುದಿನ ಮಾಲ್ಡನ್ ಬೀದಿಗೆ ಅರ್ಥ ಬರುತ್ತದೆ. ಅಲ್ಲಿ ಹತ್ತೂವರೆಗೆ ಇಳಿಸಿ, ಬೀದಿಯ ಒಂದು ಬದಿಯಲ್ಲಿ ಹೋಗಿ ಇನ್ನೊಂದು ಬದಿಯಲ್ಲಿ ಬನ್ನಿ. ತಲೆಯ ಮೇಲೆ ತಗಡಿನ ಸೂರು ಉದ್ದಕ್ಕೂ ಇರುವುದರಿಂದ ಬಿಸಿಲಿನ ಚಿಂತೆಯಿಲ್ಲ. ಸೂರು ಹೊತ್ತ ಕಂಬಗಳನ್ನೂ ಗೋಡೆಯ ಮೇಲೆ ಮಾಸಿದ ಹಳೆಯ ಜಾಹೀರಾತಿನ ಅಕ್ಷರಗಳನ್ನೂ ತೋರಿಸಿ. ಊರಾಚೆಯ ಕುರುಚಲು ಕಾಡಿಗೆ ಕರೆದೊಯ್ಯುವುದಾದರೆ ಗುರುತು ಹಾಕಿದ ಕಾಲುದಾರಿ ಬಿಟ್ಟು ಒಂದು ಹೆಜ್ಜೆಯೂ ಬೇಡ. ಚಿನ್ನಕ್ಕಾಗಿ ತೋಡಿ ಬಿಟ್ಟ ಬಾವಿಯಂಥ ಗುಂಡಿಗಳು ಇನ್ನೂ ಬಾಯಿ ತೆರೆದಿವೆ, ಬಿದ್ದ ತೊಗಟೆ ಮತ್ತು ತರಗೆಲೆ ಅವುಗಳ ಬಾಯನ್ನು ಮುಚ್ಚಿರುತ್ತವೆ.